ರೋಗಿಯ ದೂರನ್ನು ಆಲಿಸುವವರಾರು?

ಆಸ್ಪತ್ರೆಯಿಂದ ಒಬ್ಬರು ಮನೆಗೆ ಮರಳಿದರೆಂದರೆ ನಮ್ಮ ಕುಟುಂಬಗಳಲ್ಲಿ ಸಂದರ್ಶಕರಿಗೆ ಕೊರತೆಯಿರುವುದಿಲ್ಲ. ರೋಗಿಯನ್ನು ಸಂದರ್ಶಿಸುವುದು ಪುಣ್ಯಕರ್ಮವೆಂದು ನಾವು ಚಿಕ್ಕಂದಿನಿಂದಲೇ ಕಲಿತಿದ್ದೇವೆ. ಚಹಾ ಬರುತ್ತದೆ, ದುಆ ಮುಗಿಯುತ್ತದೆ, ಮಾತು ಮೆಲ್ಲನೆ ಆಸ್ಪತ್ರೆಯತ್ತ ತಿರುಗುತ್ತದೆ. ರಾತ್ರಿ ಮೂರು ಸಲ ಕರೆದರೂ ಸಿಸ್ಟರ್ ಬರಲಿಲ್ಲ. ಡ್ರಿಪ್ ಮುಗಿದು ರಕ್ತ ಮೇಲೇರತೊಡಗಿದಾಗ ಮಗನೇ ಓಡಿಹೋಗಿ ಹೇಳಬೇಕಾಯಿತು. ಯಾವ ಮಾತ್ರೆ ಊಟಕ್ಕೆ ಮುಂಚೆ, ಯಾವುದು ನಂತರ ಎಂದು ಕೇಳಿದ್ದಕ್ಕೆ ‘ಚೀಟಿಯಲ್ಲಿ ಬರೆದಿದೆಯಲ್ಲ’ ಎಂದು ಗದರಿದರು. ಮಗುವನ್ನು ತೋರಿಸಲು ಆಯಾ ಕೈಯೊಡ್ಡಿದಳು. ಇದೆಲ್ಲವನ್ನೂ ಚಿಕ್ಕಮ್ಮ ಕೇಳುತ್ತಾರೆ, ನೆರೆಮನೆಯವರು ಕೇಳುತ್ತಾರೆ, ಮಸೀದಿಯ ಅಂಗಳದಲ್ಲಿ ಸಿಕ್ಕವರೂ ಕೇಳುತ್ತಾರೆ. ಕೇಳಬೇಕಾದ ಒಬ್ಬರ ಕಿವಿಗೆ ಮಾತ್ರ ಅದು ಬೀಳುವುದಿಲ್ಲ. ಆ ವಾರ್ಡಿನಲ್ಲಿ ಮರುದಿನ ಅದೇ ಹಾಸಿಗೆಗೆ ಇನ್ನೊಬ್ಬರ ತಾಯಿ ದಾಖಲಾಗಿರುತ್ತಾರೆ.

ಏಕೆ ಹೇಳಲಿಲ್ಲ ಎಂದು ಕೇಳಿ ನೋಡಿ. ಉತ್ತರಗಳು ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತವೆ. ‘ನಾಳೆ ಪುನಃ ಅವರ ಬಳಿಗೇ ಹೋಗಬೇಕಲ್ಲ?’ ‘ಹೇಳಿ ಏನು ಪ್ರಯೋಜನ?’ ಮೂರನೆಯ ಉತ್ತರ ನಮ್ಮವರ ಬಾಯಲ್ಲಿ ವಿಶೇಷವಾಗಿ ಕೇಳಿಬರುತ್ತದೆ: ‘ಜೀವ ಉಳಿಯಿತಲ್ಲ, ಅಲ್‌ಹಮ್ದುಲಿಲ್ಲಾಹ್. ಸಬ್ರ್ ಮಾಡೋಣ.’ ಮೊದಲ ಎರಡು ಉತ್ತರಗಳಲ್ಲಿ ಭಯ ಮತ್ತು ನಿರಾಶೆಯಿದೆ, ಅವು ಅರ್ಥವಾಗುವಂಥವು. ಮೂರನೆಯದು ಧರ್ಮದ ಹೆಸರಿನಲ್ಲಿ ಹೇಳಿದ ಮಾತಾದ್ದರಿಂದ ಅದನ್ನು ಮೊದಲು ಪರಿಶೀಲಿಸಬೇಕಾಗಿದೆ.

ಸಹನೆಯೂ ದೂರೂ

ಸಹನೆಯೆಂದರೆ ಅಲ್ಲಾಹನ ವಿಧಿಯ ಬಗ್ಗೆ ಗೊಣಗದಿರುವುದು. ರೋಗ ಬಂದುದರ ಬಗ್ಗೆ, ಮರಣ ಬಂದುದರ ಬಗ್ಗೆ ಸತ್ಯವಿಶ್ವಾಸಿಯು ತನ್ನ ಪ್ರಭುವನ್ನು ದೂರುವುದಿಲ್ಲ. ಪ್ರವಾದಿ ಯಅ್‌ಕೂಬ್(ಅ) ತಮ್ಮ ದುಃಖವನ್ನು ಅಲ್ಲಾಹನ ಬಳಿಯಲ್ಲೇ ತೋಡಿಕೊಳ್ಳುವುದಾಗಿ ಹೇಳಿದ ವಿಷಯ ಸೂರಃ ಯೂಸುಫ್‌ನಲ್ಲಿದೆ. ಆದರೆ ಸಿಸ್ಟರ್ ಬರಲಿಲ್ಲ ಎನ್ನುವುದು ವಿಧಿಯ ಮೇಲಿನ ದೂರಲ್ಲ. ಒಬ್ಬ ಮನುಷ್ಯ ತಾನು ಹೊತ್ತ ಹೊಣೆಯನ್ನು ನಿರ್ವಹಿಸಲಿಲ್ಲ ಎನ್ನುವ ಸಂಗತಿಯದು. ಹೊಣೆಯು ಅಮಾನತ್ತು. ಅಮಾನತ್ತಿನ ಬಗ್ಗೆ ಪ್ರಶ್ನಿಸುವ ಹಕ್ಕು ಅದನ್ನು ಒಪ್ಪಿಸಿದವನಿಗಿದೆ.

ಕುರ್‌ಆನಿನ 58ನೆಯ ಅಧ್ಯಾಯದ ಹೆಸರನ್ನು ಗಮನಿಸಿ. ‘ಅಲ್ ಮುಜಾದಿಲಃ’, ಅಂದರೆ ವಾದಿಸಿದಾಕೆ. ಹಝ್ರತ್ ಖೌಲಾ ಬಿಂತ್ ಸಅ್‌ಲಬಾ(ರ) ಎಂಬ ಮಹಿಳೆ ತನ್ನ ಪತಿಯ ಮೇಲೆ ದೂರು ಹೊತ್ತು ಪ್ರವಾದಿಯವರ(ಸ) ಸನ್ನಿಧಿಗೆ ಬಂದರು. ಪತಿಯು ಅಜ್ಞಾನಕಾಲದ ಪದ್ಧತಿಯಂತೆ ಆಕೆಯನ್ನು ತನ್ನ ತಾಯಿಗೆ ಹೋಲಿಸಿ ದೂರವಿಟ್ಟಿದ್ದನು. ಆಕೆ ಮೆಲುದನಿಯಲ್ಲಿ ಮಾತಾಡುತ್ತಿದ್ದರು. ಅದೇ ಕೋಣೆಯ ಮೂಲೆಯಲ್ಲಿದ್ದ ಹಝ್ರತ್ ಆಇಶಾರಿಗೂ(ರ) ಕೆಲವು ಮಾತುಗಳು ಕೇಳಿಸಲಿಲ್ಲ ಎಂದು ವರದಿಯಾಗಿದೆ. ಅಲ್ಲಾಹನು ಆಲಿಸಿದನು. ಆಕೆಯ ದೂರಿಗೆ ಉತ್ತರವಾಗಿ ಬಂದ ವಿಧಿಯು ಆಕೆಯ ಸಂಸಾರವೊಂದನ್ನೇ ಸರಿಪಡಿಸಿ ನಿಲ್ಲಲಿಲ್ಲ. ಅಂಥ ಮಾತನ್ನಾಡುವ ಪ್ರತಿಯೊಬ್ಬ ಪತಿಗೂ ಪ್ರಾಯಶ್ಚಿತ್ತವನ್ನು ನಿಗದಿಪಡಿಸಿತು. ಒಬ್ಬಾಕೆಯ ಅಹವಾಲಿನಿಂದ ಆ ನಂತರ ಬಂದ ಎಲ್ಲ ಸ್ತ್ರೀಯರಿಗೂ ರಕ್ಷಣೆ ದೊರೆಯಿತು. ಈ ಲೇಖನದ ಮುಂದಿನ ಭಾಗಗಳನ್ನು ಓದುವಾಗ ಈ ಅಂಶವನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

‘ಇದು ಪರನಿಂದೆಯಾಗುವುದಿಲ್ಲವೇ?’ ಎಂದು ಕೆಲವರು ಕೇಳಬಹುದು. ಕೆಟ್ಟ ಮಾತನ್ನು ಬಹಿರಂಗವಾಗಿ ಆಡುವುದನ್ನು ಅಲ್ಲಾಹನು ಮೆಚ್ಚುವುದಿಲ್ಲವೆನ್ನುವ ಸೂರಃ ಅನ್ನಿಸಾದ 148ನೆಯ ಸೂಕ್ತವು ಅನ್ಯಾಯಕ್ಕೊಳಗಾದವನಿಗೆ ವಿನಾಯಿತಿ ಕೊಟ್ಟಿದೆ. ಇಮಾಮ್ ನವವಿಯವರು ಪರನಿಂದೆಯ ನಿಷೇಧಕ್ಕೆ ಅನ್ವಯಿಸದ ಆರು ಸಂದರ್ಭಗಳನ್ನು ಎಣಿಸುವಾಗ, ಸರಿಪಡಿಸಬಲ್ಲ ಅಧಿಕಾರಿಯ ಮುಂದೆ ಪೀಡಿತನು ದೂರುವುದನ್ನು ಅವುಗಳಲ್ಲಿ ಸೇರಿಸಿದ್ದಾರೆ. ಹಾಗಾದರೆ ನಮ್ಮ ಸ್ಥಿತಿಯೇನು? ಸರಿಪಡಿಸಬಲ್ಲವರ ಮುಂದೆ ಮೌನ, ಏನೂ ಮಾಡಲಾಗದವರ ಮುಂದೆ ವಿಸ್ತಾರವಾದ ವರ್ಣನೆ. ಅನುಮತಿಯಿರುವ ಕಡೆ ಬಾಯಿ ಮುಚ್ಚಿ, ಅನುಮತಿಯಿಲ್ಲದ ಕಡೆ ಬಾಯಿ ತೆರೆಯುತ್ತಿದ್ದೇವೆ. ಮನೆಯ ಹಜಾರದಲ್ಲಿ ಹೆಸರು ಹಿಡಿದು ಆಡುವ ಮಾತೇ ಪರನಿಂದೆಗೆ ಹೆಚ್ಚು ಹತ್ತಿರ.

ವಿಚಾರಣೆಯ ಮಾದರಿ

ಹಝ್ರತ್ ಉಮರ್‌ರ(ರ) ಆಡಳಿತದಲ್ಲಿ ರಾಜ್ಯಪಾಲರ ಮೇಲಿನ ದೂರುಗಳಿಗೆ ಬಾಗಿಲು ತೆರೆದಿತ್ತು. ಹಜ್ಜ್‌ನ ಸಮಯದಲ್ಲಿ ಅಧಿಕಾರಿಗಳನ್ನೂ ಪ್ರಜೆಗಳನ್ನೂ ಒಂದೇ ಕಡೆ ಸೇರಿಸಿ ಅಹವಾಲು ಕೇಳುತ್ತಿದ್ದರು. ಕೂಫಾದ ಜನರು ತಮ್ಮ ರಾಜ್ಯಪಾಲರಾದ ಹಝ್ರತ್ ಸಅ್‌ದ್ ಬಿನ್ ಅಬೀ ವಕ್ಕಾಸ್‌ರ(ರ) ಬಗ್ಗೆ, ಅವರಿಗೆ ನಮಾಝನ್ನೂ ಸರಿಯಾಗಿ ನಿರ್ವಹಿಸಲು ಬಾರದು ಎನ್ನುವಷ್ಟರ ಮಟ್ಟಿಗೆ ದೂರಿದರು. ಬುಖಾರಿಯಲ್ಲಿ ಬಂದಿರುವ ಈ ಘಟನೆ ಬಹಳ ಅರ್ಥಪೂರ್ಣವಾಗಿದೆ. ಸಅ್‌ದ್(ರ) ಸ್ವರ್ಗದ ಸುವಾರ್ತೆ ಪಡೆದ ಹತ್ತು ಮಂದಿಯಲ್ಲೊಬ್ಬರು. ಅಂಥವರ ಮೇಲಿನ ದೂರನ್ನು ಕಸದ ಬುಟ್ಟಿಗೆ ಹಾಕಬಹುದಿತ್ತು. ಉಮರ್(ರ) ಹಾಗೆ ಮಾಡಲಿಲ್ಲ. ಅವರನ್ನು ಸ್ಥಾನದಿಂದ ತೆಗೆದು, ಅವರ ವಿವರಣೆಯನ್ನು ಕೇಳಿ, ಅದನ್ನು ನಂಬಿದ ಮೇಲೂ ಕೂಫಾಕ್ಕೆ ವಿಚಾರಣೆಗಾಗಿ ಜನ ಕಳುಹಿಸಿದರು. ಮಸೀದಿಯಿಂದ ಮಸೀದಿಗೆ ಹೋಗಿ ಕೇಳಲಾಯಿತು. ಎಲ್ಲ ಕಡೆಯೂ ಪ್ರಶಂಸೆಯೇ. ಒಂದು ಮಸೀದಿಯಲ್ಲಿ ಮಾತ್ರ ಒಬ್ಬ ಎದ್ದುನಿಂತು ಸುಳ್ಳು ಆರೋಪ ಹೊರಿಸಿದನು, ಅದರ ಫಲವನ್ನೂ ಜೀವನದಲ್ಲಿ ಅನುಭವಿಸಿದನು. ತಾವು ಸಅ್‌ದ್‌ರನ್ನು ತೆಗೆದದ್ದು ಅಸಾಮರ್ಥ್ಯ ಅಥವಾ ವಂಚನೆಯ ಕಾರಣಕ್ಕಲ್ಲವೆಂದು ಉಮರ್(ರ) ಮರಣಶಯ್ಯೆಯಲ್ಲಿ ಸ್ಪಷ್ಟಪಡಿಸಿದರು.

ದೂರು ಬಂದಕೂಡಲೇ ನಂಬಿ ಶಿಕ್ಷಿಸುವುದೂ ಇಲ್ಲ, ದೊಡ್ಡವರೆಂದು ತಳ್ಳಿಹಾಕುವುದೂ ಇಲ್ಲ. ಸ್ಥಳಕ್ಕೆ ಹೋಗಿ, ದೂರಿದವರನ್ನಷ್ಟೇ ಕೇಳದೆ ಎಲ್ಲರನ್ನೂ ಕೇಳುವುದು. ಒಂದು ಆಸ್ಪತ್ರೆಯ ಆಡಳಿತಾಧಿಕಾರಿಗೆ ಇದಕ್ಕಿಂತ ಉತ್ತಮ ಕೈಪಿಡಿ ಬೇಕೆಂದು ನನಗನಿಸುವುದಿಲ್ಲ.

ವೈದ್ಯಕ್ಕೇ ಸಂಬಂಧಪಟ್ಟ ಒಂದು ಘಟನೆ ಬಗ್ದಾದಿನದು. ಹಿಜರಿ 319ರಲ್ಲಿ, ಅಂದರೆ ಕ್ರಿ.ಶ. 931ರಲ್ಲಿ, ವೈದ್ಯನೊಬ್ಬನ ತಪ್ಪಿನಿಂದ ಒಬ್ಬ ಸಾಮಾನ್ಯ ರೋಗಿ ಮೃತಪಟ್ಟ ಸುದ್ದಿ ಖಲೀಫ ಮುಕ್ತದಿರ್‌ಗೆ ತಲುಪಿತು. ಆ ವೈದ್ಯನನ್ನು ದಂಡಿಸಿ ವಿಷಯವನ್ನು ಮುಗಿಸಬಹುದಿತ್ತು. ಖಲೀಫನು ತನ್ನ ಆಸ್ಥಾನವೈದ್ಯ ಸಿನಾನ್ ಬಿನ್ ಸಾಬಿತ್‌ರಿಗೆ ನಗರದ ವೈದ್ಯರನ್ನೆಲ್ಲ ಪರೀಕ್ಷಿಸಲು ಆಜ್ಞಾಪಿಸಿದನು. ಅವರ ಒಪ್ಪಿಗೆಯಿಲ್ಲದೆ ಯಾರೂ ವೈದ್ಯ ಮಾಡಕೂಡದೆಂದು ಮುಹ್ತಸಿಬ್‌ಗೆ ಸೂಚನೆ ಹೋಯಿತು. ಖ್ಯಾತನಾಮರನ್ನೂ ಆಸ್ಥಾನದವರನ್ನೂ ಬಿಟ್ಟು 860ಕ್ಕೂ ಹೆಚ್ಚು ಮಂದಿಯನ್ನು ಪರೀಕ್ಷಿಸಲಾಯಿತೆಂದು ವೈದ್ಯಚರಿತ್ರೆಕಾರ ಇಬ್ನ್ ಅಬೀ ಉಸೈಬಿಅ ದಾಖಲಿಸಿದ್ದಾರೆ. ಖ್ಯಾತನಾಮರನ್ನು ಬಿಟ್ಟದ್ದು ಸರಿಯೇ ಎಂಬುದು ಬೇರೆ ಪ್ರಶ್ನೆ. ಈ ಕಾಲದ ಅನುಭವ ಬೇರೆಯೇ ಹೇಳುತ್ತದೆ.

ಸ್ಟಾಫರ್ಡ್‌ನ ಪಾಠ

ಈಗ ನಮ್ಮ ಕಾಲಕ್ಕೆ ಬರೋಣ. ಇಂಗ್ಲೆಂಡಿನ ಮಧ್ಯಭಾಗದಲ್ಲಿ ಸ್ಟಾಫರ್ಡ್ ಎಂಬ ಊರಿದೆ. ಅಲ್ಲಿನ ಸರಕಾರಿ ಆಸ್ಪತ್ರೆಯಲ್ಲಿ 2005ರಿಂದ 2009ರವರೆಗೆ ನಡೆದುದು, ದೂರನ್ನು ಕೇಳಿಸಿಕೊಳ್ಳದ ಆಸ್ಪತ್ರೆಯ ಗತಿ ಏನಾಗುತ್ತದೆ ಎಂಬುದಕ್ಕೆ ಜಗತ್ತಿನಾದ್ಯಂತ ಉದಾಹರಿಸಲ್ಪಡುತ್ತಿದೆ. ಬಡ ದೇಶದ ಆಸ್ಪತ್ರೆಯ ಕತೆಯಿದಲ್ಲ. ಹಾಸಿಗೆ, ಯಂತ್ರ, ಔಷಧಿ, ಕಂಪ್ಯೂಟರ್ ಎಲ್ಲವೂ ಇದ್ದ ಕಡೆ ನಡೆದುದು.

ಆಸ್ಪತ್ರೆಯ ಆಡಳಿತ ಮಂಡಳಿಗೆ ಆಗ ಎರಡು ಚಿಂತೆಗಳಿದ್ದವು. ಒಂದು, ಖರ್ಚು ತಗ್ಗಿಸುವುದು. ಇನ್ನೊಂದು, ಹೆಚ್ಚಿನ ಸ್ವಾಯತ್ತತೆ ಕೊಡುವ ‘ಫೌಂಡೇಶನ್ ಟ್ರಸ್ಟ್’ ಎಂಬ ಸ್ಥಾನಮಾನ ಗಳಿಸುವುದು. ಅದಕ್ಕಾಗಿ ಹುದ್ದೆಗಳನ್ನು ಕಡಿತಗೊಳಿಸಲಾಯಿತು, ವಾರ್ಡುಗಳಲ್ಲಿ ನರ್ಸುಗಳು ವಿರಳವಾದರು. ತುರ್ತುವಿಭಾಗಕ್ಕೆ ಬಂದವರಲ್ಲಿ ಯಾರ ಸ್ಥಿತಿ ಗಂಭೀರ ಎಂಬುದನ್ನು ವೈದ್ಯಕೀಯ ತರಬೇತಿಯಿಲ್ಲದ ಸ್ವಾಗತಕಾರರು ನಿರ್ಧರಿಸುತ್ತಿದ್ದರು. ನಾಲ್ಕು ಗಂಟೆಯೊಳಗೆ ರೋಗಿಯನ್ನು ಅಲ್ಲಿಂದ ಸಾಗಿಸಬೇಕೆಂಬ ಸರಕಾರದ ಗುರಿಯಿತ್ತು. ಗುರಿ ಮುಟ್ಟಿದಂತೆ ಕಾಣಿಸಲು ಸಮಯವನ್ನು ತಿದ್ದಿ ಬರೆಯಬೇಕಾಗಿತ್ತೆಂದು ಅಲ್ಲಿನ ನರ್ಸ್ ಒಬ್ಬರು ಅನಂತರ ಬಹಿರಂಗಪಡಿಸಿದರು. ವಾರ್ಡುಗಳಲ್ಲಿ ವೃದ್ಧರು ಮಲಮೂತ್ರದ ಹಾಸಿಗೆಯಲ್ಲೇ ಬಿದ್ದಿರುತ್ತಿದ್ದರು. ಊಟದ ತಟ್ಟೆಯನ್ನೂ ನೀರಿನ ಲೋಟವನ್ನೂ ಕೈಗೆಟುಕದಷ್ಟು ದೂರ ಇಟ್ಟು ಹೋಗಿ, ಸ್ವಲ್ಪ ಹೊತ್ತಾದ ಮೇಲೆ ಮುಟ್ಟದೆ ಉಳಿದ ತಟ್ಟೆಯನ್ನು ಎತ್ತಿಕೊಂಡು ಹೋಗುತ್ತಿದ್ದರು. ಕರೆಗಂಟೆಗೆ ಓಗೊಡುವವರಿರಲಿಲ್ಲ.

ಇದೆಲ್ಲ ಗುಟ್ಟಾಗಿತ್ತೇ? ಇಲ್ಲ. ಗಮನಿಸಬೇಕಾದುದು ಇದನ್ನೇ. ಕುಟುಂಬದವರು ದೂರು ಬರೆಯುತ್ತಲೇ ಇದ್ದರು. ಪತ್ರಗಳು ಬರುತ್ತಿದ್ದವು, ವಿಷಾದದ ಮರುತ್ತರ ಹೋಗುತ್ತಿತ್ತು, ಕೆಲವು ಸಲ ‘ಕ್ರಮ ಕೈಗೊಳ್ಳಲಾಗುವುದು’ ಎಂಬ ಯೋಜನೆಯೂ ತಯಾರಾಗುತ್ತಿತ್ತು. ಆ ಕ್ರಮ ನಿಜವಾಗಿ ಜಾರಿಯಾಯಿತೇ ಎಂದು ನೋಡುವವರಿರಲಿಲ್ಲ. ಕೆಲವು ತಿಂಗಳಲ್ಲಿ ಅದೇ ವಾರ್ಡಿನಿಂದ ಅದೇ ಬಗೆಯ ಪತ್ರ ಮತ್ತೆ ಬರುತ್ತಿತ್ತು. ಆಡಳಿತ ಮಂಡಳಿಯ ಮುಂದೆ ದೂರುಗಳ ಸಂಖ್ಯೆ ಬಂದರೂ ತಿರುಳು ಬರುತ್ತಿರಲಿಲ್ಲ. ಎಷ್ಟು ಬಂದವು ಎಂದು ಅವರಿಗೆ ಗೊತ್ತಿತ್ತು, ಏನು ಬರೆದಿತ್ತು ಎಂದು ಗೊತ್ತಿರಲಿಲ್ಲ. 2008ರ ಫೆಬ್ರವರಿಯಲ್ಲಿ ಆಸ್ಪತ್ರೆಗೆ ಅದು ಬಯಸಿದ ಸ್ಥಾನಮಾನ ದೊರೆಯಿತು! ಕಾಗದಪತ್ರಗಳಲ್ಲಿ ಎಲ್ಲವೂ ಚೆನ್ನಾಗಿತ್ತು.

ಜೂಲಿ ಬೈಲಿ ಎಂಬ ಮಹಿಳೆ ಆ ಊರಿನಲ್ಲಿ ಒಂದು ಸಣ್ಣ ಚಹಾದಂಗಡಿ ನಡೆಸುತ್ತಿದ್ದರು. 2007ರಲ್ಲಿ ಅವರ ತಾಯಿ ಬೆಲ್ಲಾ ಆ ಆಸ್ಪತ್ರೆಗೆ ದಾಖಲಾದರು. ಅಲ್ಲಿನ ಸ್ಥಿತಿ ಕಂಡು ಮಗಳು ಹಾಸಿಗೆಯ ಪಕ್ಕದ ಕುರ್ಚಿ ಬಿಟ್ಟು ಕದಲಲಿಲ್ಲ. ಕುಟುಂಬದವರು ಸರದಿಯಂತೆ ಹಗಲಿರುಳು ಕಾದರು. ತನ್ನ ತಾಯಿಯನ್ನು ನೋಡಿಕೊಳ್ಳುತ್ತಲೇ, ಯಾರೂ ಇಲ್ಲದ ಅಕ್ಕಪಕ್ಕದ ರೋಗಿಗಳ ಪಾಡನ್ನೂ ಆಕೆ ಕಣ್ಣಾರೆ ಕಂಡರು. ಆ ನವೆಂಬರ್‌ನಲ್ಲಿ ತಾಯಿ ತೀರಿಕೊಂಡರು. ಆಕೆ ಸ್ಥಳೀಯ ಪತ್ರಿಕೆಗೆ ಪತ್ರ ಬರೆದರು. ಅದನ್ನೋದಿ ಇಂಥದೇ ನೋವುಂಡ ಬೇರೆ ಕುಟುಂಬಗಳು ಒಂದೊಂದಾಗಿ ಚಹಾದಂಗಡಿಗೆ ಬಂದವು. ಪ್ರತಿಯೊಬ್ಬರೂ ತಮಗೊಬ್ಬರಿಗೇ ಹೀಗಾಯಿತೆಂದು ಭಾವಿಸಿದ್ದರು. ಮೃತರ ಭಾವಚಿತ್ರಗಳನ್ನು ಗೋಡೆಗೆ ಅಂಟಿಸಿದಾಗ ವಿಷಯ ಸ್ಪಷ್ಟವಾಯಿತು.

ಅದೇ ಸಮಯದಲ್ಲಿ, ಆಸ್ಪತ್ರೆಗಳ ಮೇಲೆ ನಿಗಾ ಇಡುತ್ತಿದ್ದ ಆಯೋಗವು ಅಲ್ಲಿನ ಮರಣಪ್ರಮಾಣ ಅಸಹಜವಾಗಿದೆಯೆಂದು ಅಂಕಿಅಂಶಗಳಿಂದ ಕಂಡುಕೊಂಡಿತ್ತು. ಲೆಕ್ಕದಲ್ಲಿ ತಪ್ಪಾಗಿರಬೇಕೆಂಬುದು ಆಸ್ಪತ್ರೆಯ ಸಮಜಾಯಿಷಿಯಾಗಿತ್ತು. ಕುಟುಂಬಗಳ ಮಾತು ಕೇಳಿದ ಮೇಲೆ ಆ ಸಮಜಾಯಿಷಿ ನಿಲ್ಲಲಿಲ್ಲ. 2009ರ ಮಾರ್ಚ್‌ನಲ್ಲಿ ಆಯೋಗದ ವರದಿ, 2010ರಲ್ಲಿ ನ್ಯಾಯವಾದಿ ರಾಬರ್ಟ್ ಫ್ರಾನ್ಸಿಸ್‌ರ ಮೊದಲ ವರದಿ, 2013ರ ಫೆಬ್ರವರಿ 6ರಂದು 290 ಶಿಫಾರಸುಗಳ ಅವರ ಎರಡನೆಯ ಬೃಹತ್ ವರದಿ ಪ್ರಕಟವಾದವು. 400ರಿಂದ 1,200 ಮಂದಿ ಅನ್ಯಾಯವಾಗಿ ಸತ್ತರೆಂದು ಪತ್ರಿಕೆಗಳು ಬರೆದುದನ್ನು ನೀವೂ ಎಲ್ಲಾದರೂ ಓದಿರಬಹುದು. ಆ ಸಂಖ್ಯೆಯನ್ನು ಫ್ರಾನ್ಸಿಸ್ ಒಪ್ಪಿಕೊಂಡಿಲ್ಲ, ಅಂಕಿಅಂಶದಿಂದ ಅಂಥ ತೀರ್ಮಾನಕ್ಕೆ ಬರಲಾಗದು. ದೂರಿನಲ್ಲಿ ಉತ್ಪ್ರೇಕ್ಷೆ ಸಲ್ಲದೆಂದು ಹೇಳುವವರು ಇಲ್ಲಿಯೂ ಎಚ್ಚರ ವಹಿಸಬೇಕು. ಸಂಖ್ಯೆಯಿಲ್ಲದೆಯೇ ಅಲ್ಲಿ ನಡೆದುದು ಸಾಕಷ್ಟು ಭೀಕರವಾಗಿದೆ.

ಆಮೇಲೆ ಏನಾಯಿತು? 2014ರ ನವೆಂಬರ್‌ನಲ್ಲಿ ಆ ಟ್ರಸ್ಟನ್ನು ವಿಸರ್ಜಿಸಲಾಯಿತು. ಅದೇ ತಿಂಗಳು ಇಂಗ್ಲೆಂಡಿನಲ್ಲಿ ಹೊಸ ನಿಯಮವೊಂದು ಜಾರಿಗೆ ಬಂದು, ಚಿಕಿತ್ಸೆಯಲ್ಲಿ ಗಂಭೀರ ಹಾನಿಯಾದರೆ ಅದನ್ನು ರೋಗಿಗೆ ತಾನಾಗಿಯೇ ತಿಳಿಸಿ ಕ್ಷಮೆ ಕೇಳುವುದು ಆಸ್ಪತ್ರೆಗೆ ಕಡ್ಡಾಯವಾಯಿತು. ಜೂಲಿ ಬೈಲಿಯವರಿಗೆ ಊರಿನಲ್ಲಿ ಸನ್ಮಾನವೇನೂ ಸಿಗಲಿಲ್ಲ. ನಮ್ಮ ಆಸ್ಪತ್ರೆಗೆ ಬೀಗ ಹಾಕಿಸುತ್ತಾಳೆಂದು ಊರವರಲ್ಲಿ ಅನೇಕರು ತಿರುಗಿಬಿದ್ದರು. ತಾಯಿಯ ಸಮಾಧಿಯನ್ನೂ ಕಿಡಿಗೇಡಿಗಳು ಬಿಡಲಿಲ್ಲ. ಕೊನೆಗೆ ಆಕೆ ಊರನ್ನೇ ತೊರೆಯಬೇಕಾಯಿತು. ‘ನಾಳೆ ಪುನಃ ಅವರ ಬಳಿಗೇ ಹೋಗಬೇಕಲ್ಲ’ ಎನ್ನುವ ನಮ್ಮವರ ಭಯವನ್ನು ಸುಮ್ಮನೆ ಹಗುರವಾಗಿ ಕಾಣುವಂತಿಲ್ಲ. ಬ್ರಿಟಿಷ್ ಸಂಸದೆ ಆ್ಯನ್ ಕ್ಲೂಯಿಡ್ ಮತ್ತು ಟ್ರಿಷಿಯಾ ಹಾರ್ಟ್ 2013ರಲ್ಲಿ ಆಸ್ಪತ್ರೆಗಳ ದೂರು ವ್ಯವಸ್ಥೆಯ ಬಗ್ಗೆ ನಡೆಸಿದ ಪರಿಶೀಲನೆಗೆ 2,500ಕ್ಕೂ ಹೆಚ್ಚು ಪತ್ರಗಳು ಬಂದವು. ದೂರಿದರೆ ಚಿಕಿತ್ಸೆ ಇನ್ನಷ್ಟು ಹದಗೆಡುವುದೆಂಬ ಭಯ ಅಲ್ಲಿನ ಜನರಿಗೂ ಇತ್ತು.

ಒಂದು ದೂರಿನಲ್ಲಿ ಏನಿರುತ್ತದೆ?

ವೈದ್ಯರು ಸಾಮಾನ್ಯವಾಗಿ ಹೇಳುವ ಮಾತೊಂದಿದೆ: ‘ರೋಗಿಗೆ ವೈದ್ಯಶಾಸ್ತ್ರ ತಿಳಿಯದು, ಅವನ ದೂರಿಗೇನು ಬೆಲೆ?’ ಮಾತಿನಲ್ಲಿ ಅರ್ಧ ಸತ್ಯವಿದೆ. ಶಸ್ತ್ರಕ್ರಿಯೆ ಸರಿಯಾಯಿತೇ ಎಂದು ರೋಗಿ ಹೇಳಲಾರ. ಆದರೆ ಬೆಳಗಿನ ಪಾಳಿಯವರು ಹೇಳಿದ್ದನ್ನು ರಾತ್ರಿ ಪಾಳಿಯವರು ತಿಳಿದಿರಲಿಲ್ಲ, ಎಕ್ಸ್‌ರೇ ಕೋಣೆಯ ಹೊರಗೆ ಎರಡು ಗಂಟೆ ಸ್ಟ್ರೆಚರ್ ಮೇಲೆ ಬಿಟ್ಟುಹೋಗಿದ್ದರು, ಮನೆಗೆ ಕಳುಹಿಸುವಾಗ ಕೊಟ್ಟ ಮಾತ್ರೆಯೂ ಮೊದಲಿನಿಂದ ತಿನ್ನುತ್ತಿದ್ದ ಮಾತ್ರೆಯೂ ಒಂದೇ ಆಗಿತ್ತು ಎಂಬುದನ್ನು ಹೇಳಬಲ್ಲವರು ರೋಗಿ ಮತ್ತು ಜೊತೆಗಿದ್ದವರು ಮಾತ್ರ. ಡಾಕ್ಟರು ಬಂದು ಹೋಗುತ್ತಾರೆ, ಸಿಸ್ಟರ್ ಪಾಳಿ ಮುಗಿಸಿ ಹೋಗುತ್ತಾರೆ. ದಾಖಲಾದ ಗಳಿಗೆಯಿಂದ ಬಿಡುಗಡೆಯ ಗಳಿಗೆಯವರೆಗೆ ಎಲ್ಲವನ್ನೂ ನೋಡಿದವರು ಬೇರೆ ಯಾರೂ ಇಲ್ಲ.

ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಸಂಶೋಧಕರು 2014ರಲ್ಲಿ ಹಲವು ದೇಶಗಳ 59 ಅಧ್ಯಯನಗಳಲ್ಲಿದ್ದ 88 ಸಾವಿರಕ್ಕೂ ಹೆಚ್ಚು ದೂರುಗಳನ್ನು ಒಟ್ಟುಗೂಡಿಸಿ ನೋಡಿದರು. ಎಲ್ಲವೂ ಮೂರು ಗುಂಪುಗಳಲ್ಲಿ ಸೇರುತ್ತವೆಂದು ಅವರು ಕಂಡರು: ಚಿಕಿತ್ಸೆ, ಆಡಳಿತ ವ್ಯವಸ್ಥೆ, ಮನುಷ್ಯ ಸಂಬಂಧ. ಅತಿ ಹೆಚ್ಚಾಗಿ ಬಂದ ಎರಡು ವಿಷಯಗಳೆಂದರೆ ಚಿಕಿತ್ಸೆಯ ದೋಷ ಮತ್ತು ಮಾತುಕತೆಯ ದೋಷ. ಈ ರೀತಿ ವಿಂಗಡಿಸಿ, ಎಷ್ಟು ಗಂಭೀರ, ಯಾವ ಹಂತದಲ್ಲಿ ನಡೆದದ್ದು ಎಂದು ಗುರುತಿಸಿದಾಗ ಬಿಡಿಬಿಡಿಯಾಗಿ ಕ್ಷುಲ್ಲಕವೆನಿಸುವ ಪತ್ರಗಳಿಂದ ಒಂದು ಚಿತ್ರ ಮೂಡುತ್ತದೆ. ಶುಕ್ರವಾರ ಸಂಜೆ ಬಿಡುಗಡೆಯಾದವರೇ ಮತ್ತೆ ಮತ್ತೆ ದೂರುತ್ತಿದ್ದಾರೆಂದರೆ ಆ ಸಂಜೆಯ ವ್ಯವಸ್ಥೆಯಲ್ಲಿ ಏನೋ ಕೊರತೆಯಿದೆ. ಅಲ್ಲಿ ಯಾವೊಬ್ಬ ನರ್ಸನ್ನೂ ಗದರಿಸಿ ಪ್ರಯೋಜನವಿಲ್ಲ.

ಆಸ್ಟ್ರೇಲಿಯಾದಲ್ಲಿ 2013ರಲ್ಲಿ ಪ್ರಕಟವಾದ ಅಧ್ಯಯನವು ಸುಮಾರು ಒಂದು ದಶಕದಲ್ಲಿ ವೈದ್ಯರ ವಿರುದ್ಧ ಬಂದ ಹತ್ತೊಂಬತ್ತು ಸಾವಿರದಷ್ಟು ದೂರುಗಳನ್ನು ಪರಿಶೀಲಿಸಿತು. ದೇಶದ ವೈದ್ಯರಲ್ಲಿ ಕೇವಲ ಶೇ. 3 ಮಂದಿಯ ಮೇಲೆ ಶೇ. 49ರಷ್ಟು ದೂರುಗಳು ಬಂದಿದ್ದವು. ಬಹುಸಂಖ್ಯಾತ ವೈದ್ಯರ ಮೇಲೆ ದೂರೇ ಇಲ್ಲ ಎಂಬುದನ್ನೂ ಇದರಿಂದ ತಿಳಿಯಬೇಕು. ಅಮೆರಿಕದ ಏಳು ವೈದ್ಯಕೀಯ ಕೇಂದ್ರಗಳ 800ಕ್ಕೂ ಹೆಚ್ಚು ಶಸ್ತ್ರಚಿಕಿತ್ಸಕರ ಬಗ್ಗೆ 2017ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಇನ್ನೂ ವಿಚಾರಾರ್ಹ. ಒರಟುತನ, ಮಾತು ಕೇಳದಿರುವಿಕೆ ಇತ್ಯಾದಿಗಳಿಗಾಗಿ ರೋಗಿಗಳಿಂದ ಅತ್ಯಧಿಕ ದೂರು ಪಡೆದ ಗುಂಪಿನ ವೈದ್ಯರ ರೋಗಿಗಳಲ್ಲಿ, ಅತಿ ಕಡಿಮೆ ದೂರು ಪಡೆದವರ ರೋಗಿಗಳಿಗಿಂತ ಶಸ್ತ್ರಕ್ರಿಯೆಯ ನಂತರದ ತೊಡಕುಗಳು ಸುಮಾರು ಶೇ. 14ರಷ್ಟು ಹೆಚ್ಚಾಗಿದ್ದವು. ಬಾಯಿಗೂ ಕತ್ತರಿಗೂ ಏನು ಸಂಬಂಧ? ರೋಗಿಯನ್ನು ಗದರುವವನು ಸಹಾಯಕರನ್ನೂ ಗದರುತ್ತಾನೆ. ಗದರಿಸಿಕೊಂಡವರು ಕಣ್ಣಿಗೆ ಕಂಡ ತಪ್ಪನ್ನೂ ಹೇಳದೆ ಸುಮ್ಮನಿರುತ್ತಾರೆ. ಸೌಜನ್ಯವು ಚಿಕಿತ್ಸೆಯ ಹೊರಗಿನ ಅಲಂಕಾರವೆಂದು ತಿಳಿದಿರುವ ವೈದ್ಯರು ಇದನ್ನು ಓದಬೇಕು.

ಒಂದು ಮಿತಿಯನ್ನೂ ಹೇಳಬೇಕು. ದೂರುವವರು ಸಾಮಾನ್ಯವಾಗಿ ಓದುಬರಹ ಬಲ್ಲವರು, ಧೈರ್ಯವಿದ್ದವರು. ಹಳ್ಳಿಯ ವೃದ್ಧೆ ದೂರುವುದಿಲ್ಲ. ದೂರು ಬಂದಿಲ್ಲವೆಂದರೆ ತೊಂದರೆಯಿಲ್ಲವೆಂದು ತಿಳಿದ ಆಸ್ಪತ್ರೆಯು ಅತ್ಯಂತ ನೊಂದವರನ್ನೇ ಲೆಕ್ಕದಿಂದ ಬಿಟ್ಟಂತಾಯಿತು.

ನಮ್ಮ ನಾಡಿನಲ್ಲಿ

ನಮ್ಮಲ್ಲಿ ದೂರೆಂದರೆ ಮೊದಲು ನೆನಪಾಗುವುದು ಪರಿಹಾರಧನ. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಹಣ ಪಡೆದು ಕೊಡುವ ಚಿಕಿತ್ಸೆಯೂ ‘ಸೇವೆ’ ಎಂದು ಸುಪ್ರೀಂ ಕೋರ್ಟ್ 1995ರ ನವೆಂಬರ್ 13ರಂದು ತೀರ್ಪಿತ್ತಿತು. ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತ ಚಿಕಿತ್ಸೆ ಕೊಡುವ ಆಸ್ಪತ್ರೆಯಲ್ಲಿ ಉಚಿತ ರೋಗಿಗೂ ಆ ಹಕ್ಕಿದೆ. ಎಲ್ಲರಿಗೂ ಸಂಪೂರ್ಣ ಉಚಿತವಾಗಿರುವ ಕಡೆ ಅದು ಅನ್ವಯಿಸುವುದಿಲ್ಲ. 2019ರ ಹೊಸ ಕಾಯ್ದೆಯಲ್ಲೂ ಈ ಹಕ್ಕು ಉಳಿದಿದೆ. ದೂರನ್ನು ಎರಡು ವರ್ಷದೊಳಗೆ ಸಲ್ಲಿಸಬೇಕು. ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಗಳಿಗೆ 2007ರ ಕಾಯ್ದೆಯಿದ್ದು, 2017ರ ತಿದ್ದುಪಡಿಯ ಬಳಿಕ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರಕ್ಕೆ ಅವಕಾಶ ಮಾಡಲಾಗಿದೆ. ವೈದ್ಯರ ದುರ್ನಡತೆಯ ಬಗ್ಗೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರಬಹುದು. ಚಿಕಿತ್ಸೆಯ ದಾಖಲೆಗಳನ್ನು ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು 2002ರ ವೈದ್ಯಕೀಯ ನೀತಿ ನಿಯಮಗಳು ಹೇಳುತ್ತವೆ. ಇದು ಬಹಳ ಮಂದಿಗೆ ತಿಳಿದಿಲ್ಲ.

ನ್ಯಾಯಾಲಯ ಅಗತ್ಯವೇ. ಆದರೆ ಅದು ಒಬ್ಬರಿಗೆ, ವರ್ಷಗಳ ನಂತರ, ಹಣದ ರೂಪದಲ್ಲಿ ಸಿಗುವ ನ್ಯಾಯ. ಹೆರಿಗೆ ವಾರ್ಡಿನಲ್ಲಿ ನೋವಿನಿಂದ ಕೂಗಿದ್ದಕ್ಕೆ ಬೈಗುಳ ಕೇಳಿಸಿಕೊಂಡ ಹುಡುಗಿ ಯಾವ ನ್ಯಾಯಾಲಯಕ್ಕೂ ಹೋಗುವುದಿಲ್ಲ. ಆಕೆಗೆ ಹಣವೂ ಬೇಕಾಗಿಲ್ಲ. ತನ್ನ ತಂಗಿಗೆ ಹೀಗಾಗಬಾರದೆಂದಷ್ಟೇ ಆಕೆಯ ಆಸೆ. ಕೇಂದ್ರ ಸರಕಾರ 2017ರಲ್ಲಿ ಆರಂಭಿಸಿದ ‘ಲಕ್ಷ್ಯ’ ಕಾರ್ಯಕ್ರಮವು ಸರಕಾರಿ ಹೆರಿಗೆ ಕೋಣೆಗಳಲ್ಲಿ ಗೌರವಯುತ ಆರೈಕೆಯನ್ನು ಒಂದು ಗುರಿಯಾಗಿ ಹೇಳಿದೆ. ಗುರಿ ಕಾಗದದಲ್ಲಿದೆ. ಅದು ತಮ್ಮ ತಾಲೂಕು ಆಸ್ಪತ್ರೆಗೆ ಇಳಿದಿದೆಯೇ ಎಂದು ಹೇಳಬೇಕಾದವರು ಅಲ್ಲಿ ಹೆತ್ತವರೇ.

ಆದ್ದರಿಂದ ಓದುಗರೇ, ದೂರನ್ನು ಬರೆದು ಕೊಡಿ. ಬಾಯಿಮಾತಿನ ದೂರು ಕಾರಿಡಾರಿನಲ್ಲೇ ಕರಗುತ್ತದೆ. ದಿನಾಂಕ, ವೇಳೆ, ವಾರ್ಡು, ನಡೆದದ್ದೇನು, ಅದರಿಂದ ಆದದ್ದೇನು, ಏನು ಬದಲಾಗಬೇಕೆಂದು ಬಯಸುತ್ತೀರಿ ಇಷ್ಟು ಒಂದು ಹಾಳೆಯಲ್ಲಿರಲಿ. ಕಣ್ಣಾರೆ ಕಂಡದ್ದನ್ನೂ ಇನ್ನೊಬ್ಬರಿಂದ ಕೇಳಿದ್ದನ್ನೂ ಬೆರೆಸಬೇಡಿ, ಊಹೆಯನ್ನು ಸಂಗತಿಯಾಗಿ ಬರೆಯಬೇಡಿ. ಅದು ಸಾಕ್ಷ್ಯ, ಅದಕ್ಕೆ ಅಲ್ಲಾಹನ ಬಳಿ ಲೆಕ್ಕವಿದೆ. ಪ್ರತಿಯೊಂದರ ಮೇಲೆ ಸ್ವೀಕೃತಿಯ ಸಹಿ ಅಥವಾ ಮೊಹರು ಪಡೆಯಿರಿ. ಮಹಿಳೆಯ ಶರೀರಕ್ಕೆ ಸಂಬಂಧಿಸಿದ ವಿಷಯವಾದರೆ ಆಕೆಯ ಒಪ್ಪಿಗೆಯಿಲ್ಲದೆ ಪತಿಯೋ ಸಹೋದರನೋ ಬರೆಯಕೂಡದು. ಆಕೆಯ ಮಾತಿನಲ್ಲೇ, ಆಕೆ ಹೇಳಬಯಸಿದಷ್ಟೇ ಇರಲಿ. ಚಿಕಿತ್ಸೆ ಮುಂದುವರಿಯುತ್ತಿರುವಾಗ ಭಯವಿದ್ದರೆ ಬಿಡುಗಡೆಯಾದ ಮೇಲೆ ಬರೆಯಿರಿ. ಆದರೆ ಜೀವಕ್ಕೆ ಅಪಾಯವಿದೆಯೆನಿಸಿದರೆ ಆ ಕ್ಷಣವೇ ಮೇಲಿನವರಿಗೆ ಹೇಳಬೇಕು, ಅಲ್ಲಿ ಸಂಕೋಚಕ್ಕೆ ಎಡೆಯಿಲ್ಲ. ಚೆನ್ನಾಗಿ ನೋಡಿಕೊಂಡ ಸಿಸ್ಟರ್ ಇದ್ದರೆ ಆಕೆಯ ಬಗ್ಗೆಯೂ ಎರಡು ಸಾಲು ಬರೆಯಿರಿ. ಜನರಿಗೆ ಕೃತಜ್ಞತೆ ಸಲ್ಲಿಸದವನು ಅಲ್ಲಾಹನಿಗೂ ಸಲ್ಲಿಸಲಾರನೆಂದು ಪ್ರವಾದಿ(ಸ) ಕಲಿಸಿದ್ದಾರೆ.

ಇನ್ನೊಂದು ವಿಷಯವನ್ನು ಮುಲಾಜಿಲ್ಲದೆ ಹೇಳಬೇಕಾಗಿದೆ. ರೋಗಿ ತೀರಿಕೊಂಡಾಗ ಇಪ್ಪತ್ತು ಮಂದಿ ಯುವಕರು ನುಗ್ಗಿ ಗಾಜು ಒಡೆಯುವುದು, ಡ್ಯೂಟಿ ಡಾಕ್ಟರರ ಮೇಲೆ ಕೈಮಾಡುವುದು ದೂರಲ್ಲ. ಅದು ಅಕ್ರಮ. ಕರ್ನಾಟಕದಲ್ಲಿ 2009ರ ಪ್ರತ್ಯೇಕ ಕಾಯ್ದೆಯಂತೆ ಅಪರಾಧವೂ ಹೌದು. ಏಟು ತಿನ್ನುವವರು ಸಾಮಾನ್ಯವಾಗಿ ಆಗಷ್ಟೇ ಕೆಲಸಕ್ಕೆ ಸೇರಿದ ಕಿರಿಯರು. ಮರುದಿನದಿಂದ ಆ ಆಸ್ಪತ್ರೆ ಗಂಭೀರ ರೋಗಿಗಳನ್ನು ಸೇರಿಸಿಕೊಳ್ಳದೆ ದೂರದ ಊರಿಗೆ ಕಳುಹಿಸತೊಡಗುತ್ತದೆ. ಹಾದಿಯಲ್ಲಿ ಜೀವ ಬಿಡುವವರು ಯಾರು? ನಮ್ಮವರೇ.

ಕೊನೆಯದಾಗಿ, ನಮ್ಮ ಸಮುದಾಯದವರು ನಡೆಸುವ ಆಸ್ಪತ್ರೆ, ಕ್ಲಿನಿಕ್ಕು, ಡಯಾಲಿಸಿಸ್ ಕೇಂದ್ರಗಳ ಹೊಣೆಗಾರರೊಡನೆ ಎರಡು ಮಾತು. ಗೋಡೆಗೆ ತೂಗುಹಾಕಿ ಬೀಗ ತುಕ್ಕು ಹಿಡಿದ ಸಲಹಾ ಪೆಟ್ಟಿಗೆಯಿಂದ ಏನೂ ಆಗದು. ಬರೆಯಲು ಬಾರದವರ ಮಾತನ್ನು ಬ್ಯಾರಿಯಲ್ಲೋ ಉರ್ದುವಿನಲ್ಲೋ ತುಳುವಿನಲ್ಲೋ ಕೇಳಿ ಬರೆದುಕೊಳ್ಳುವ ಒಬ್ಬರನ್ನು ನೇಮಿಸಿ. ಬಿಡುಗಡೆಯಾಗಿ ಒಂದು ವಾರ ಕಳೆದ ಮೇಲೆ ಫೋನು ಮಾಡಿ ಕೇಳಿರಿ. ಆಗ ಭಯವಿರುವುದಿಲ್ಲ, ನೆನಪಿರುತ್ತದೆ. ದೂರನ್ನು ಯಾರ ಮೇಲೆ ಬಂದಿದೆಯೋ ಅವರ ಕೈಗೇ ಕೊಟ್ಟು ಉತ್ತರ ಬರೆಸಿ ಮುಗಿಸಬೇಡಿ. ಈ ವರ್ಷ ದೂರುಗಳನ್ನು ಅರ್ಧಕ್ಕಿಳಿಸಬೇಕೆಂದು ಸಿಬ್ಬಂದಿಗೆ ಗುರಿ ಹಾಕಬೇಡಿ. ಹಾಕಿದರೆ ದೂರುಗಳು ಖಂಡಿತ ಇಳಿಯುತ್ತವೆ, ತಪ್ಪುಗಳು ಇದ್ದಲ್ಲೇ ಇರುತ್ತವೆ. ಏನನ್ನು ಬದಲಾಯಿಸಿದಿರಿ ಎಂದು ದೂರಿದ ಕುಟುಂಬಕ್ಕೆ ತಿಳಿಸಿರಿ. ಮೂರು ತಿಂಗಳ ನಂತರ ಆ ಬದಲಾವಣೆ ಉಳಿದಿದೆಯೇ ಎಂದು ನೀವೇ ವಾರ್ಡಿಗೆ ಹೋಗಿ ನೋಡಿರಿ.

ಇಂಥ ಸಂಸ್ಥೆಗಳ ವಾರ್ಷಿಕ ವರದಿಯಲ್ಲಿ ಎಷ್ಟು ಶಸ್ತ್ರಕ್ರಿಯೆ, ಎಷ್ಟು ಹೆರಿಗೆ, ಎಷ್ಟು ಝಕಾತ್ ನಿಧಿಯ ನೆರವು ಎಂಬ ಪುಟಗಳಿರುತ್ತವೆ, ದಾನಿಗಳ ಭಾವಚಿತ್ರಗಳೂ ಇರುತ್ತವೆ. ನೀವು ಸದಸ್ಯರೋ ದಾನಿಗಳೋ ಆಗಿದ್ದರೆ ಮುಂದಿನ ಮಹಾಸಭೆಯಲ್ಲಿ ಎದ್ದುನಿಂತು ಎರಡು ಪ್ರಶ್ನೆಗಳನ್ನು ಕೇಳಿರಿ: ಈ ವರ್ಷ ರೋಗಿಗಳು ಏನೇನು ದೂರಿದರು? ಅವುಗಳಲ್ಲಿ ಯಾವುದರಿಂದ ಯಾವ ವಾರ್ಡಿನಲ್ಲಿ ಏನು ಬದಲಾಯಿತು?